ಗಾಲಿಯ ಮೇಲಿನ ನಾಲ್ಕು ಬೆರಳು

ನನ್ನ ಕಾರನ್ನು ನೆಲಕ್ಕೆ ಇಳಿಸಿದಾಗ ನನಗೆ ನಲವತ್ತೊಂದು ವರ್ಷ. ಅದು ಕಾಲೇಜು ಹುಡುಗರು ಮಾಡುವ ಕೆಲಸ ಎಂದು ಮೂಗು ಮುರಿದವರಿಗೆಲ್ಲ ಆಗ ಒಂದೊಂದು ಉತ್ತರ ಕೊಟ್ಟಿದ್ದೆ. ಈಗ ಒಂದೂ ನೆನಪಿಲ್ಲ. ಶಿವಮೊಗ್ಗದಲ್ಲಿ ಒಂದು ಅಂಗಡಿಯ ತಕ್ಕಡಿ ರಿಪೇರಿಗೆ ಹೋದವನು ಎದುರಿಗೆ ನಿಂತಿದ್ದ ಕಪ್ಪು ಕಾರೊಂದನ್ನು ನೋಡಿ ಮರುಳಾದೆ. ಅದರ ಟೈರಿಗೂ ಮೇಲಿನ ಕಮಾನಿಗೂ ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ. ಎಷ್ಟು ಚೆನ್ನಾಗಿ ಕೂತಿದೆ ಅನ್ನಿಸಿತು. ನನ್ನ ಬದುಕಿನಲ್ಲಿ ಚೆಂದಕ್ಕೆಂದು ನಾನು ಏನನ್ನೂ ಮಾಡಿಕೊಂಡವನಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಇದೊಂದು ಇರಲಿ ಎಂದು ಮುಂದಿನ ತಿಂಗಳೇ ನನ್ನ ಹಳೆಯ ಬಿಳಿ ಕಾರಿಗೂ ಅಂಥದೇ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಹಾಕಿಸಿದೆ.

ಆ ಶಾಕಿನ ಮೈಗೆ ಬೋಲ್ಟಿಗೆ ಇರುವಂತೆ ಸುತ್ತಲೂ ತ್ರೆಡ್ ಇರುತ್ತದೆ. ಅದರ ಮೇಲೊಂದು ರಿಂಗು, ರಿಂಗಿನ ಮೇಲೆ ಸ್ಪ್ರಿಂಗು. ರಿಂಗನ್ನು ತಿರುಗಿಸಿ ಮೇಲೆ ತಂದರೆ ಕಾರು ಏರುತ್ತದೆ, ಕೆಳಗೆ ಬಿಟ್ಟರೆ ಇಳಿಯುತ್ತದೆ. ಬೇಕಾದಾಗ ಏರಿಸಿಕೊಳ್ಳಬಹುದು ಎಂದು ಹಾಕಿದವರು ಹೇಳಿದ್ದರು. ನಾನು ಪೂರ್ತಿ ಇಳಿಸಲು ಹೇಳಿದೆ, ಆಮೇಲೆ ಅದರ ಕಡೆ ಬಗ್ಗಿಯೂ ನೋಡಲಿಲ್ಲ.

ತಕ್ಕಡಿ ರಿಪೇರಿ ನನ್ನ ಕಸುಬು. ಶಿಕಾರಿಪುರದ ಪೇಟೆಯಲ್ಲಿ, ಬಸ್ಸು ಹೋಗುವ ರಸ್ತೆಗೇ ಒಂದು ಸಣ್ಣ ಅಂಗಡಿ, ಅದರ ಮೇಲೆ ನನ್ನ ಕೋಣೆ. ಕಿರಾಣಿ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಹಾಲಿನ ಡೈರಿಯವರು, ಉಡುತಡಿ ಕಡೆ ಕುರಿಯನ್ನು ನೇತು ಹಾಕಿ ತೂಗುವವರು, ಎಲ್ಲರೂ ನನಗೆ ಗಿರಾಕಿಗಳು. ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಲು ಕಬ್ಬಿಣದ ತೂಕದ ಕಲ್ಲುಗಳನ್ನು ಕಾರಿನಲ್ಲಿ ಇಟ್ಟುಕೊಂಡು ಸೊರಬದವರೆಗೂ ತಿರುಗುತ್ತೇನೆ. ಕಾರು ತಗ್ಗಾದ ಮೇಲೆ ಈ ಎರಡು ತಾಲೂಕಿನ ಹಂಪು, ಗುಂಡಿಗಳೆಲ್ಲ ನನಗೆ ಬಾಯಿಪಾಠವಾದವು. ಹಂಪು ಬಂದರೆ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿಹಿಡಿದು ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ.

ಸಂಜೆ ನನ್ನೊಂದಿಗೆ ಚಹಾ ಕುಡಿಯುವ ಇಬ್ಬರು ಸ್ನೇಹಿತರಿದ್ದರು. ಅವರು ಹತ್ತಿದರೆ ಹಿಂದಿನ ಟೈರು ಕಮಾನಿಗೆ ಉಜ್ಜಿ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಅದಕ್ಕೇ ಹಂಪು ಬಂದಾಗ ಇಬ್ಬರನ್ನೂ ಇಳಿಸಿ, ನಾನೊಬ್ಬನೇ ದಾಟಿಸಿ, ಆಚೆ ನಿಂತು ಕಾಯುತ್ತಿದ್ದೆ. ಮೂರನೆಯ ಸಲಕ್ಕೆ ಅವರು ಬೈಕು ತಂದರು. ಆಮೇಲೆ ಹೋಗುವುದಿದ್ದರೆ ನನಗೆ ಹೇಳುವುದನ್ನೇ ಬಿಟ್ಟರು. ಬಿಟ್ಟರೆ ಬಿಡಲಿ ಎಂದುಕೊಂಡೆ. ನನ್ನ ಸ್ವಭಾವವೇ ಅಂಥದು, ಮೊದಲು ಸಿಟ್ಟು ಬರುತ್ತದೆ, ಬುದ್ಧಿ ಆಮೇಲೆ ನಿಧಾನವಾಗಿ ಬರುತ್ತದೆ.

ಅಕ್ಕನ ವಿಷಯ ಹಾಗಲ್ಲ. ನನಗಿರುವುದು ಅವಳೊಬ್ಬಳೇ. ಅವ್ವ ತೀರಿಕೊಂಡಾಗ ನಾನು ಐದನೇ ಕ್ಲಾಸು. ನನಗೆ ರೊಟ್ಟಿ ಬಡಿದು, ತಲೆಗೆ ಎಣ್ಣೆ ಹಾಕಿ, ಬಾಸುಂಡೆ ಬರುವಂತೆ ಹೊಡೆದು ಬೆಳೆಸಿದವಳು ಅವಳು. ಸೊರಬದ ಆಚೆ ಹೊಸಬಾಳೆಗೆ ಮದುವೆಯಾಗಿ ಹೋಗಿ ಮೂವತ್ತು ವರ್ಷವಾಯಿತು, ಈಗ ಅವಳ ಮಾತೂ ಆ ಕಡೆಯದೇ ಆಗಿದೆ. ಭಾವ ಕುರಿ ಬಿಟ್ಟು ಊರು ದಾಟುವವರಲ್ಲ. ಹಾಗಾಗಿ ಅವಳು ಎಲ್ಲಿಗೇ ಹೋಗಬೇಕಿದ್ದರೂ ನಾನು ಕಾರು ತೆಗೆಯುತ್ತಿದ್ದೆ.

ಒಂದೂವರೆ ವರ್ಷದ ಹಿಂದೆ ಅವಳು ನನ್ನ ಕೋಣೆಗೆ ಬಂದು ಎರಡು ದಿನ ಇದ್ದು, ಕನ್ನಡಕ ಮಾಡಿಸಿಕೊಂಡಳು. ವಾಪಸು ಬಿಡಲು ನಾನೇ ಹೊರಟೆ. ಮುಂದಿನ ಸೀಟಿನಲ್ಲಿ ಯಾರದೋ ತಕ್ಕಡಿ ಇತ್ತು, ಅವಳು ಹಿಂದೆ ಕೂತಳು. ಉಡುತಡಿಯ ಹತ್ತಿರ ರಸ್ತೆಯನ್ನು ಅಡ್ಡ ಅಗೆದು ಪೈಪು ಹಾಕಿ ಮಣ್ಣು ಮುಚ್ಚಿದ್ದರು. ನಾಲ್ಕು ದಿನದ ಹಿಂದೆ ಅದಿರಲಿಲ್ಲ, ಹಾಗಾಗಿ ನನ್ನ ಬಾಯಿಪಾಠದಲ್ಲೂ ಇರಲಿಲ್ಲ. ಮುಂದಿನ ಚಕ್ರ ದಾಟಿತು. ಹಿಂದಿನದು ಧಡ್ ಎಂದು ಇಳಿಯಿತು. ಸ್ಪ್ರಿಂಗು ಪೂರ್ತಿ ಕೂತು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು, ಹೊಟ್ಟೆಯಡಿ ಏನೋ ನೆಲಕ್ಕೆ ಗೀಚಿಕೊಂಡು ಹೋಯಿತು. ಹಿಂದಿನಿಂದ "ಅಯ್ಯಪ್ಪಾ" ಎಂದಿತು ಅಕ್ಕನ ದನಿ.

ನಾನು ಗಾಡಿ ನಿಲ್ಲಿಸಿ, ಇಳಿದು, ರಸ್ತೆಯ ಮೇಲೆ ಮಲಗಿ ಕಾರಿನ ಅಡಿ ನೋಡಿದೆ. ಎಂಜಿನ್ನಿನ ಎಣ್ಣೆ ಇರುವ ಚೇಂಬರು ಒಡೆದಿರಬಹುದೆಂಬ ಭಯ. ಒಡೆದಿರಲಿಲ್ಲ. ಮಣ್ಣು ಕೊಡವಿಕೊಂಡು ಎದ್ದವನು ಕಿಟಕಿಯಲ್ಲಿ ಬಗ್ಗಿ ಅಕ್ಕನಿಗೆ ಹೇಳಿದ ಮಾತು ಇದು: "ಹಿಂದೆ ನೀ ಕುಂತಿದ್ದಕ್ಕೇ ಬಡೀತು ನೋಡು. ನಾನೊಬ್ನೇ ಇದ್ರೆ ಒಂದಿನಾನೂ ಬಡಿಯಲ್ಲ."

ಅವಳು ಸೊಂಟ ಹಿಡಿದುಕೊಂಡು ಕೂತಿದ್ದಳು. ಹೊಸಬಾಳೆ ಬರುವವರೆಗೂ ಸೊಂಟದಿಂದ ಕೈ ತೆಗೆಯಲಿಲ್ಲ. ನಾನು ದಾರಿಯುದ್ದಕ್ಕೂ ಪೈಪು ಹಾಕಿದವರನ್ನು ಬೈಯುತ್ತಿದ್ದೆ.

ಆಮೇಲೆ ಅವಳು ಮೂರು ವಾರ ಹಾಸಿಗೆ ಹಿಡಿದಿದ್ದಳು. ನಾನು ಒಂದು ಸಲ ಹಣ್ಣು ಒಯ್ದು ಕೊಟ್ಟು ನೋಡಿ ಬಂದೆ. ನೆಂಟರೊಬ್ಬರ ಮದುವೆಗೆ ಕರೆದುಕೊಂಡು ಹೋಗುತ್ತೇನೆಂದು ಫೋನ್ ಮಾಡಿದರೆ, "ಬ್ಯಾಡ ಮಾರಾಯಾ, ಬಸ್ಸಿಗೇ ಹೋಗ್ತೀನಿ" ಎಂದಳು. ಗೌರಿ ಹಬ್ಬಕ್ಕೆ ತವರಿನ ಸೀರೆ ತೆಗೆಯೋಣ ಬಾ, ಗಾಡಿ ತರುತ್ತೇನೆ ಎಂದೆ. "ನೀನೇ ತೆಗ್ದು ಕಳ್ಸು, ಬಣ್ಣ ಯಾವ್ದಾದ್ರೂ ಆತು" ಎಂದಳು. ಮೂರನೆಯ ಸಲವೂ ಬಸ್ಸು ಎಂದಾಗ ನನಗೂ ಬಿಂಕ ಬಂತು. ಅವಳಿಗೆ ಬೇಡವಾದರೆ ನನಗೇನು ಎಂದು ಹೋಗುವುದನ್ನೇ ನಿಲ್ಲಿಸಿದೆ. ಸೀರೆಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ತಮ್ಮನಾದವನು ಮಾಡುವ ಕೆಲಸವಲ್ಲ ಅದು, ಮಾಡುವಾಗಲೇ ಗೊತ್ತಿತ್ತು.

ಫೋನು ಮಾತ್ರ ನಡೆದಿತ್ತು. ವಾರಕ್ಕೊಮ್ಮೆ, ಒಂದೆರಡು ನಿಮಿಷ. ಊಟ ಆಯಿತಾ, ಆಯಿತು. ಮಳೆ ಬಂತಾ, ಬಂತು. ಆಮೇಲೆ ಇಬ್ಬರೂ, ಯಾರು ಮೊದಲು ಇಡುವುದೆಂದು ಕಾಯುತ್ತಿದ್ದೆವು. ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ಖಾಲಿ ಅನ್ನಿಸುತ್ತಿತ್ತು. ಖಾನಾವಳಿಯಲ್ಲಿ ಉಂಡು ಬಂದು ಮಲಗಿದರೆ ಮರುದಿನ ಬೆಳಿಗ್ಗೆ ಗಿರಾಕಿ ಬರುವವರೆಗೂ ನನ್ನ ಬಾಯಿಂದ ಒಂದು ಮಾತು ಹೊರಡುವ ಕಾರಣವಿರಲಿಲ್ಲ.

ಈ ಸಲದ ಸುಗ್ಗಿ ಮುಗಿಯುವ ಹೊತ್ತಿಗೆ ಅಂಬ್ಲಿಗೊಳ ಅಣೆಕಟ್ಟಿನ ನೀರು ಹರಿಯುವ ಒಂದು ಊರಿನಿಂದ ಕರೆ ಬಂತು, ಭತ್ತ ತೂಗುವ ತಕ್ಕಡಿ ಕೈಕೊಟ್ಟಿದೆ ಎಂದು. ಕಾಲುವೆ ಏರಿಯ ದಾರಿ. ಟ್ರ್ಯಾಕ್ಟರುಗಳು ಓಡಾಡಿ ಎರಡೂ ಕಡೆ ಆಳದ ಜಾಡು, ನಡುವೆ ಗಟ್ಟಿ ದಿಣ್ಣೆ. ನಾನು ಒಂದು ಗಾಲಿಯನ್ನು ದಿಣ್ಣೆಯ ಮೇಲಿಟ್ಟುಕೊಂಡೇ ಹೋಗುತ್ತಿದ್ದೆ. ಒಂದು ಕಡೆ ಮಣ್ಣು ಜಾರಿತು, ಕಾರಿನ ಹೊಟ್ಟೆ ದಿಣ್ಣೆಯ ಮೇಲೆ ಕೂತುಬಿಟ್ಟಿತು. ಗಾಲಿಗಳು ಗಾಳಿಯಲ್ಲಿ ಸುಮ್ಮನೆ ತಿರುಗಿದವು. ಬೆಳಿಗ್ಗೆ ಹನ್ನೊಂದು ಗಂಟೆ. ಸುತ್ತ ಕೊಯ್ದ ಗದ್ದೆ, ದೂರದಲ್ಲಿ ಕುರಿಗಳು, ಮನುಷ್ಯರಿಲ್ಲ.

ಯಾರನ್ನು ಕರೆಯುವುದೆಂದು ಫೋನ್ ತೆಗೆದೆ. ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸುತ್ತ ಹೋದೆ. ಡೈರಿ, ಗೊಬ್ಬರ, ಕಿರಾಣಿ, ಬೆಲ್ಲ, ಕುರಿ ಒಂದು, ಕುರಿ ಎರಡು. ನಾನು ಗಿರಾಕಿಗಳನ್ನು ಅವರ ತಕ್ಕಡಿಯಿಂದಲೇ ಬರೆದುಕೊಂಡಿರುತ್ತೇನೆ. ಕೊನೆಗೆ ಅಕ್ಕನಿಗೆ ಮಾಡಿದೆ. ಅವಳು ಎತ್ತಿದ ಕೂಡಲೇ, "ಏನ್ ತಮ್ಮಾ, ಈ ಹೊತ್ನಲ್ಲಿ? ಆರಾಮಿದೀಯನಾ?" ಎಂದಳು. ಆರಾಮಿದ್ದೇನೆ, ಸುಮ್ಮನೆ ಮಾಡಿದೆ ಎಂದು ಹೇಳಿ ಇಟ್ಟುಬಿಟ್ಟೆ. ಆಮೇಲೆ ದಿಣ್ಣೆಯ ಮೇಲೆ ಕೂತು ಅತ್ತೆ. ನಲವತ್ತೈದರ ಗಂಡಸು ಕಾರು ಸಿಕ್ಕಿಕೊಂಡಿತೆಂದು ಅಳುತ್ತಾನೆಯೇ? ನಾನು ಅತ್ತದ್ದು ಕಾರಿಗಲ್ಲ. ಎರಡು ಗಂಟೆಯ ನಂತರ ಟ್ರ್ಯಾಕ್ಟರೊಂದು ಬಂದು ಎಳೆದು ಹಾಕಿತು.

ಮರುದಿನವೇ ಶಿಕಾರಿಪುರದಲ್ಲಿ ಎಲ್ಲರೂ ಚಾಚಾ ಎಂದು ಕರೆಯುವ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಅವರ ಅಪ್ಪ ಜಟಕಾ ಗಾಡಿಗೆ ಕಮಾನು ಪಟ್ಟಿ, ಅಂದರೆ ಪಟ್ಟಿಯ ಸ್ಪ್ರಿಂಗು, ಕಟ್ಟುತ್ತಿದ್ದವರು, ಇವರು ಲಾರಿ, ಟ್ರ್ಯಾಲಿ, ಜೀಪುಗಳಿಗೆ ಕಟ್ಟುತ್ತಾರೆ. ಅರವತ್ತು ದಾಟಿದೆ, ಗಡ್ಡಕ್ಕೆ ಮದರಂಗಿ. ಅವರು ಬಗ್ಗಿ ನನ್ನ ಕಾರಿನ ಗಾಲಿಯೊಳಗೆ ಟಾರ್ಚು ಬಿಟ್ಟು ನೋಡಿ ನಕ್ಕರು.

"ಇಷ್ಟ್ ಚಲೋ ಸಾಮಾನು ಹಾಕ್ಸಿ, ಒಂದ್ ದಿನಾನೂ ಮುಟ್ಟಿಲ್ಲಲ್ರೀ. ರಿಂಗು ಮಣ್ಣಾಗೆ ಹೂತು ಹೋಗೇತಿ."

"ಏರಿಸಬೇಕು ಚಾಚಾ. ಎಲ್ಲೂ ಬಡೀಬಾರದು."

"ಏರಿಸಾಣ. ಗಾಡ್ಯಾಗೆ ಯಾರ್ಯಾರು ಕುಂದ್ರತಾರೆ? ಅವ್ರನ್ನ ಕರ್ಕಂಡ್ ಬರ್ರಿ."

ಇದು ಚಾಚಾನ ಪದ್ಧತಿ ಎಂದು ಊರಿಗೆಲ್ಲ ಗೊತ್ತು. ಖಾಲಿ ಗಾಡಿಗೆ ಅವರು ಎತ್ತರ ಕಟ್ಟುವುದಿಲ್ಲ. ದಿನಾ ಕೂರುವವರೇ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಶೆಡ್ಡಿನ ಮುಂದೆ ಸಮ ಮಾಡಿಸಿದ ಕಲ್ಲುಹಾಸು ಇದೆ, ಅದರ ಮೇಲೆ ಗಾಡಿ ನಿಲ್ಲಿಸಿ, ಟೈರಿನ ಮೇಲೆ ಬೆರಳು ಇಟ್ಟು ಅಳೆದು, ಇಳಿಸಿ, ತಿರುಗಿಸಿ, ಮತ್ತೆ ಕೂರಿಸುತ್ತಾರೆ. ನಾನು ಹೋದ ದಿನವೂ ಒಂದು ಕುಟುಂಬ ಜೀಪಿನಲ್ಲಿ ಕೂತಿತ್ತು, ಅಜ್ಜಿ, ಸೊಸೆ, ಇಬ್ಬರು ಮಕ್ಕಳು. ಅಜ್ಜಿ ಎಲೆಯಡಿಕೆ ಹಾಕಿಕೊಂಡು, ಎಲ್ಲಿಗೋ ಹೊರಟವರಂತೆ ಸೀಟಿನಲ್ಲಿ ಒರಗಿದ್ದರು. ಚಾಚಾ ಅವರಿಗೆ ಸರಿದು ಕೂರಿ ಅನ್ನುವುದು, ಅವರು ಚಾಚಾನಿಗೆ ಬೇಗ ಮುಗಿಸು ಅನ್ನುವುದು ನಡೆದಿತ್ತು.

"ನನ್ನ ಗಾಡೀಲಿ ನಾನೊಬ್ನೇ" ಎಂದೆ.

"ಹಂಗಾದ್ರೆ ಏರಿಸದು ಯಾಕೆ? ಒಬ್ರಿಗೆ ಬಡಿಯಲ್ಲಲ್ಲ."

ಹೌದಲ್ಲ. ಹಿಂದಿನ ಬಾಗಿಲು ತೆಗೆದು ಸೀಟು ತೋರಿಸಿ, "ಅಕ್ಕ ಕುಂದ್ರತಾಳೆ. ಹಿಂದೆ, ಎಡಗಡೆ" ಎಂದೆ.

"ಕರ್ಕಂಡ್ ಬರ್ರಿ."

"ಬರಲ್ಲ ಚಾಚಾ. ಮೊದಲು ಏರಿಸಿದ್ರೆ ಬರಬಹುದು."

ಅವರು ನನ್ನ ಮುಖ ನೋಡಿದರು, ಮುಂದೆ ಕೇಳಲಿಲ್ಲ. ಆದರೆ ಪದ್ಧತಿಯನ್ನೂ ಬಿಡಲಿಲ್ಲ. ಆಗ ನನ್ನ ಕಸುಬಿನ ತಲೆ ಓಡಿತು. ಎರಡು ವರ್ಷದ ಹಿಂದೆ ಒಂದು ದೊಡ್ಡ ತಕ್ಕಡಿ ಅಂಗಡಿಗೆ ರಿಪೇರಿಗೆ ಬಂದಿದ್ದಾಗ ಅಕ್ಕ ತಮಾಷೆಗೆ ಅದರ ಮೇಲೆ ನಿಂತಿದ್ದಳು. ಅರವತ್ತೆಂಟು ಕಿಲೋ. ನೋಡಿ ನಾಚಿಕೊಂಡು ಸೆರಗಿನಿಂದ ಆ ಅಂಕಿ ಮುಚ್ಚಿದ್ದಳು. ನಾನು ಯಾರ ಹೆಸರು ಮರೆತರೂ ತೂಕ ಮರೆಯುವುದಿಲ್ಲ. ಕಾರಿನಿಂದ ಕಲ್ಲುಗಳನ್ನು ತೆಗೆದೆ. ಇಪ್ಪತ್ತರವು ಮೂರು, ಐದರದೊಂದು, ಎರಡರದೊಂದು, ಒಂದರದೊಂದು. ಸೀಟಿನ ಮೇಲೆ ಟವೆಲ್ ಹಾಸಿ, ಅಕ್ಕ ಕೂರುವ ಜಾಗದಲ್ಲಿ ಒಂದೊಂದಾಗಿ ಜೋಡಿಸಿದೆ.

"ಇದು ನಿಮ್ಮಕ್ಕನಾ?" ಎಂದರು ಚಾಚಾ.

"ಹೂಂ. ಒಂದು ಗ್ರಾಮು ಹೆಚ್ಚುಕಡಿಮೆ ಇಲ್ಲ."

ರಿಂಗು ಸುಲಭವಾಗಿ ಅಲ್ಲಾಡಲಿಲ್ಲ. ಚಾಚಾ ಬ್ರಷ್ಷಿನಿಂದ ತ್ರೆಡ್ಡಿನ ಮಣ್ಣು ಕೆರೆದು, ಡೀಸೆಲ್ ಹಚ್ಚಿ, ಊಟ ಮಾಡಿ ಬಂದು, ಹಳೆಯ ಕಮಾನು ಪಟ್ಟಿಯಿಂದ ತಾವೇ ಮಾಡಿಕೊಂಡ ಕೊಕ್ಕೆ ಪಾನ ಹಾಕಿ ಎಳೆದರು. ಕಿರ್ ಎಂದು ಕಾಲು ಸುತ್ತು ತಿರುಗಿತು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ ಸುತ್ತು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡರು. ಮೊದಲು ಕಾರನ್ನು ತಗ್ಗಿಸುವಾಗ ಕತ್ತರಿಸಿ ಹಾಕಿದ್ದ ರಬ್ಬರಿನ ದಿಂಡಿನ ಬದಲು ಹೊಸದು ಹಾಕಿದರು, ಸ್ಪ್ರಿಂಗು ಪೂರ್ತಿ ಕೂತರೂ ಕಬ್ಬಿಣಕ್ಕೆ ಕಬ್ಬಿಣ ತಾಗದಿರಲಿ ಎಂದು. ಕಲ್ಲುಗಳನ್ನು ಕೂರಿಸಿಕೊಂಡೇ ಪೇಟೆಗೆ ಒಂದು ಸುತ್ತು ಹಾಕಿ ಬಂದೆವು. ಮತ್ತೆ ಅಳತೆ. ಕೊನೆಗೆ ನನ್ನ ಕೈ ಹಿಡಿದು ಹಿಂದಿನ ಟೈರಿನ ಮೇಲೆ ಇಡಿಸಿದರು.

"ಕಲ್ಲು ತೆಗೆದ್ರೆ ನಾಕು ಬೆರಳು ಆರಾಮಾಗಿ ಹೋಗ್ಬೇಕು. ಅಕ್ಕಾರು ಕುಂತ್ರೆ ಮೂರೇ, ಕಿರುಬೆರಳು ಹೋಗಬಾರದು. ಅಷ್ಟಿದ್ರೆ ಎಲ್ಲೂ ಬಡಿಯಂಗಿಲ್ಲ. ಆದ್ರೆ ನೆನಪಿಟ್ಕಳ್ರಿ, ಇದು ಅಷ್ಟು ಭಾರಕ್ಕೆ ಕಟ್ಟಿದ್ದು. ಹಗುರಾದ್ರೆ ಗಾಡಿ ಪುಟಿತೈತಿ."

ಪುಟಿಯಿತು. ಒಬ್ಬನೇ ಓಡಿಸುವಾಗ ಕಾರು ಎಲ್ಲಿಯೂ ತಾಗುತ್ತಿರಲಿಲ್ಲ, ಆದರೆ ಹಿಂದಿನ ಖಾಲಿ ಸೀಟು ಪ್ರತಿ ಗುಂಡಿಗೂ ಎಗರಿ ಎಗರಿ ಬೀಳುತ್ತಿತ್ತು. ಹಂಪುಗಳನ್ನು ನೇರವಾಗಿ ದಾಟಿದೆ. ಹಿಂದಿನ ಬಸ್ಸಿನವನಿಗೆ ಬೈಯಲು ಏನೂ ಉಳಿಯಲಿಲ್ಲ. ನೋಡುವುದಕ್ಕೆ ಕಾರು ಈಗ ಪ್ಯಾಂಟು ಮೇಲೆತ್ತಿಕೊಂಡು ನೀರು ದಾಟುವವನಂತೆ ಕಾಣುತ್ತಿತ್ತು. ಕಾಣಲಿ ಬಿಡಿ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಕಲ್ಲುಗಳನ್ನೆಲ್ಲ ಅಂಗಡಿಯಲ್ಲಿ ಇಳಿಸಿಟ್ಟು, ಹೇಳದೆ ಕೇಳದೆ ಹೊಸಬಾಳೆಗೆ ಹೋದೆ. ಫೋನ್ ಮಾಡಿದ್ದರೆ ಬೇಡ ಎನ್ನುತ್ತಿದ್ದಳು. ಉಡುತಡಿಯ ಹತ್ತಿರ ಆ ಪೈಪಿನ ಜಾಗ ಈಗ ಡಾಂಬರು ಹಾಕಿ ಸಮವಾಗಿತ್ತು, ಎಲ್ಲಿತ್ತೆಂದೂ ಗುರುತು ಸಿಗಲಿಲ್ಲ. ಊರು ಮುಟ್ಟುವಾಗ ಅಕ್ಕ ಮನೆಯ ಮುಂದೆ ಚಪ್ಪಲಿ ಮೆಟ್ಟುತ್ತಿದ್ದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ಫೈಲು. ಕುಪ್ಪಸದ ತೋಳು ಸಡಿಲವಾಗಿ ಜೋತಿತ್ತು. ನಾನು ನೋಡಿದ್ದು ಮಾತ್ರ ಅವಳು ಕಾರನ್ನು ಹೇಗೆ ನೋಡುತ್ತಾಳೆ ಎನ್ನುವುದನ್ನು.

"ಏರ್ಸಿದ್ಯನಾ?" ಎಂದಳು.

"ನಿನಗೇ ಏರಿಸಿದ್ದು. ಎಲ್ಲಿಗೆ ಹೊರಟೆ? ಹತ್ತು, ಬಿಡ್ತೀನಿ."

"ಶಿವಮೊಗ್ಗಕ್ಕೆ. ಬಸ್ಸು ಬರ್ತದೆ ಈಗ."

"ಅಕ್ಕಾ," ಎಂದೆ. ಅವಳ ಹೆಗಲಿನ ಚೀಲಕ್ಕೆ ಕೈ ಚಾಚಿದೆ. ಅವಳಿಗೆ ಏನು ಕಂಡಿತೋ, ಹಿಂದಿನ ಬಾಗಿಲು ತೆಗೆದು, ಎಡಗಡೆ ಕೂತಳು.

ಸಂತೋಷಕ್ಕೆ ನನಗೆ ಏನು ಮಾಡುವುದೆಂದು ತಿಳಿಯದೆ, ಕೆಟ್ಟ ಚಾಳಿ, ಹಿಂದಿನ ಟೈರಿನ ಹತ್ತಿರ ಬಗ್ಗಿ ಬೆರಳು ತೂರಿಸಿದೆ. ಮೂರು ಬೆರಳು ಹೋದವು. ಕಿರುಬೆರಳೂ ಹೋಯಿತು. ತೆಗೆದು ಮತ್ತೆ ಇಟ್ಟೆ. ಮತ್ತೆ ಹೋಯಿತು. ಚಾಚಾನ ಕೆಲಸ ತಪ್ಪುವುದಿಲ್ಲ, ನನ್ನ ಕಲ್ಲುಗಳೂ ತಪ್ಪುವುದಿಲ್ಲ. ಕೂತಲ್ಲೇ ತಲೆ ಎತ್ತಿ ಕಿಟಕಿಯೊಳಗೆ ನೋಡಿದೆ. ಅಕ್ಕನ ಕುತ್ತಿಗೆಯ ಎಲುಬು ಎದ್ದಿತ್ತು, ಬಳೆಗಳು ಮೊಣಕೈಯ ಹತ್ತಿರಕ್ಕೆ ಸರಿದಿದ್ದವು. ನಾನು ಜೋಡಿಸಿದ್ದರಲ್ಲಿ ಇಪ್ಪತ್ತು ಕಿಲೋದ ಒಂದು ಕಲ್ಲಿನಷ್ಟು ತೂಕ ಅವಳ ಮೈಯಲ್ಲಿ ಇರಲಿಲ್ಲ.

"ಏನಾಯ್ತೆ ನಿನಗೆ?"

"ಸಕ್ರೆ ಕಾಯ್ಲೆ ಮಾರಾಯಾ. ಊಟ ಮೈಗೆ ಹತ್ತಲ್ಲ. ನಡಿ, ಹೊತ್ತಾತು."

ಗಾಡಿ ತೆಗೆದೆ. ಸೊರಬ ದಾಟಿದೆವು. ಆಮೇಲೆ ಕನ್ನಡಿಯಲ್ಲಿ ನೋಡುತ್ತ ಕೇಳಿದೆ, ಎಷ್ಟು ದಿನದಿಂದ ಆಸ್ಪತ್ರೆಗೆ ಹೋಗುತ್ತಿದ್ದೀಯ ಎಂದು.

"ಎಂಟು ತಿಂಗ್ಳಾತು. ಮೊದ್ಲು ಹದಿನೈದು ದಿನಕ್ಕೊಂದ್ಸಲ ಇತ್ತು, ಈಗ ತಿಂಗ್ಳಿಗೊಂದ್ಸಲ."

"ಬಸ್ಸು ನನ್ನ ಅಂಗಡಿ ಮುಂದೇ ಹೋಗ್ತೈತಲ್ಲೇ."

"ಹೂಂ, ಆ ಕಡೆ ಕಿಟಕೀಲಿ ಕೂತ್ರೆ ಕಾಣ್ತದೆ. ನೀನು ಬಗ್ಗಿ ಏನೋ ಬಿಚ್ಚಿಕೊಂಡು ಕೂತಿರ್ತೀಯ. ಒಂದಿನ ತಲೆ ಎತ್ತಿದ್ದೆ, ನಾನು ಕೈ ಮಾಡ್ದೆ. ನಿಂಗೆ ಕಾಣ್ಲಿಲ್ಲ."

"ಒಂದು ಸಲನಾದ್ರೂ ಇಳೀಬಾರದಿತ್ತಾ ಅಕ್ಕಾ?"

ಅವಳು ಹೊರಗೆ ನೋಡುತ್ತ ಫೈಲಿನ ಅಂಚನ್ನು ಸವರಿದಳು. "ಇಳುದ್ರೆ, ಕಾರಲ್ಲಿ ಬಿಡ್ತೀನಿ ಬಾ ಅಂತಿದ್ದೆ ನೀನು. ಬ್ಯಾಡ ಅಂದ್ರೆ ಬೇಜಾರು ಮಾಡ್ಕಂತಿದ್ದೆ. ಅದ್ಕೇ ಸುಮ್ನೆ ಹೋಗ್ತಿದ್ದೆ."

ನನ್ನ ಕಣ್ಣು ಮಂಜಾಯಿತು. ಮುಂದಿನ ಹಂಪನ್ನು ನಾನು ನೋಡಲೇ ಇಲ್ಲ. ಕಾರು ಏರಿ ಇಳಿಯಿತು, ಅಡಿ ಎಲ್ಲೂ ತಾಗಲಿಲ್ಲ, ಒಂದು ಸದ್ದೂ ಬರಲಿಲ್ಲ. ಆದರೆ ಅರವತ್ತೆಂಟು ಕಿಲೋಗೆ ಕಟ್ಟಿದ ಸ್ಪ್ರಿಂಗು ಅಕ್ಕನನ್ನು ಸೀಟಿನಿಂದ ಒಂದು ಗೇಣು ಎತ್ತಿ ಕೆಳಗೆ ಹಾಕಿತು. ನಾನು ಗಾಡಿಯನ್ನು ರಸ್ತೆ ಬದಿಗೆ ತೆಗೆದುಕೊಂಡೆ. ಇಳಿದು ಹಿಂದಿನ ಬಾಗಿಲು ತೆಗೆದು, ಅವಳ ಮುಂದೆ ನೆಲಕ್ಕೆ ಮೊಣಕಾಲೂರಿ ಕೂತೆ.

"ಸೊಂಟಕ್ಕೆ ಪೆಟ್ಟಾಯ್ತಾ ಅಕ್ಕಾ? ನೋವಾಯ್ತಾ?"

ಅವಳು ನನ್ನನ್ನೇ ನೋಡಿದಳು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಈಗ ಕೇಳಿದ್ಯಲ್ಲ," ಎಂದಳು. "ಏಳು, ಪ್ಯಾಂಟೆಲ್ಲ ಮಣ್ಣಾಗ್ತದೆ. ಡಾಕ್ಟ್ರು ಒಂದು ಗಂಟೆಗೆ ಎದ್ದು ಹೋಗ್ತಾರೆ."